ಅರ್ಧದ ಬೆಲೆ

ಫೆಬ್ರುವರಿ ೬

ತಮ್ಮನಿಗೆ ಆಶೀರ್ವಾದ.

ನಾನು ಕ್ಷೇಮ. ಮನೆಯ ಕ್ಷೇಮ ನಮ್ಮಿಬ್ಬರ ಕೈಯಲ್ಲಿದೆ, ಅದಕ್ಕೇ ಈ ಪತ್ರ.

ನಿನ್ನೆ ವಕೀಲರು ಬಂದು ಅಪ್ಪನ ಉಯಿಲು ಓದಿ ಹೋದರು. ನೀನೂ ಬರಬಹುದಿತ್ತು. ನಿನ್ನ ಹತ್ತಿರ ಕಾರು ಕಲಿಯುವವರು ಒಂದು ದಿನ ಕಲಿಯದಿದ್ದರೆ ರಸ್ತೆಯಲ್ಲಿ ನಡೆಯುವವರಿಗಾದರೂ ಒಳ್ಳೆಯದಾಗುತ್ತಿತ್ತು. ಇರಲಿ. ಮನೆ ನಮ್ಮಿಬ್ಬರಿಗೆ ಅರ್ಧರ್ಧ. ಯಾರಾದರೂ ಪಾಲು ಕೇಳಿದರೆ ಏನು ಮಾಡಬೇಕೆಂದೂ ಅಪ್ಪ ಬರೆದಿಟ್ಟಿದ್ದಾರೆ, ನೀನಂತೂ ಆಗಲೇ ಫೋನಿನಲ್ಲಿ ಕೇಳಿಯಾಯಿತು. ಅರ್ಧ ಮನೆಗೆ ಎಷ್ಟು ಬೆಲೆ ಎಂದು ದೊಡ್ಡವಳು ಹೇಳಬೇಕು. ಆ ಬೆಲೆ ಕೊಟ್ಟು ಅಕ್ಕನ ಅರ್ಧ ಕೊಳ್ಳುವುದೋ, ಅದೇ ಬೆಲೆ ಪಡೆದು ತನ್ನ ಅರ್ಧ ಅಕ್ಕನಿಗೆ ಮಾರುವುದೋ, ಚಿಕ್ಕವನು ಆರಿಸಬೇಕು. ಜುಲೈ ಮುಗಿಯುವುದರೊಳಗೆ ಇದು ಆಗದಿದ್ದರೆ ವಕೀಲರು ಮನೆಯನ್ನು ಸಿಕ್ಕವರಿಗೆ ಮಾರಿ ಹಣ ಹಂಚುತ್ತಾರಂತೆ.

ನಿನಗೇನೂ ಆಶ್ಚರ್ಯವಾಗಿರಲಿಕ್ಕಿಲ್ಲ. ಜೀವಮಾನವಿಡೀ ಅಂಗಡಿಗಳ ತಕ್ಕಡಿ ಪರೀಕ್ಷಿಸಿದ ಅಧಿಕಾರಿ ಮನೆಯೊಳಗೆ ಮಾತ್ರ ಯಾವ ತಕ್ಕಡಿಯನ್ನೂ ನಂಬಲಿಲ್ಲ. ಕಲ್ಲಂಗಡಿಯಾಗಲಿ, ಶಾಲೆಯ ರಬ್ಬರಾಗಲಿ, ಒಬ್ಬರು ಕತ್ತರಿಸಬೇಕು, ಇನ್ನೊಬ್ಬರು ಆರಿಸಬೇಕು. ಈಗ ಮನೆಯನ್ನೂ ರಬ್ಬರಿನ ಸಾಲಿಗೆ ಸೇರಿಸಿ ಹೋಗಿದ್ದಾರೆ.

ನನ್ನ ಕಷ್ಟವನ್ನು ಮುಚ್ಚಿಡುವುದಿಲ್ಲ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು ಕೂತು ಮೂವತ್ತೊಂದು ವರ್ಷವಾಯಿತು. ಅದು ಅಲ್ಲೇ ಇರಲಿ ಎಂದು ನನ್ನ ಆಸೆ. ಬೆಲೆ ಹೆಚ್ಚು ಹೇಳಿದರೆ ನೀನು ಮಾರುತ್ತೀ, ಕೊಡಲು ನನ್ನ ಹತ್ತಿರ ಅಷ್ಟಿಲ್ಲ. ಕಡಿಮೆ ಹೇಳಿದರೆ ನೀನೇ ಕೊಂಡು ಬೇರೆಯವರಿಗೆ ಮಾರುತ್ತೀ. ಹೀಗಾಗಿ ಸ್ವಲ್ಪ ಯೋಚಿಸಿ ಹೇಳುತ್ತೇನೆ. ಅವಸರ ಮಾಡಬೇಡ.

ಇಂತಿ,
ಅಕ್ಕ


ಫೆಬ್ರುವರಿ ೧೫

ಅಕ್ಕನಿಗೆ ನಮಸ್ಕಾರ.

ನಾನೂ ನನ್ನವಳೂ ಕ್ಷೇಮ, ಕಾರಿನ ಕ್ಲಚ್ ಒಂದನ್ನು ಬಿಟ್ಟು. ಹೋದ ವಾರ ಹಲ್ಲಿನ ಡಾಕ್ಟರೊಬ್ಬರು ಕಲಿಯಲು ಬಂದರು. ಹಲ್ಲು ಕೀಳುವ ಹಾಗೆಯೇ ಗೇರು ಎಳೆದರು. ಇನ್ನೊಂದು ಕಾರು ಕೊಳ್ಳದೆ ನನ್ನ ಕಸುಬು ಮುಂದೆ ಹೋಗುವುದಿಲ್ಲ. ಪಾಲು ಕೇಳಿದ್ದು ಅದಕ್ಕೇ, ದುರಾಸೆಯಿಂದಲ್ಲ.

ಆದರೆ ಅಕ್ಕ, ಕಡಿಮೆ ಬೆಲೆ ಹೇಳುವ ಯೋಚನೆಯನ್ನೇ ಬಿಡು. ಆ ಮನೆ ಸಾಮಾನ್ಯದ್ದೇ? ಬಸ್ ಸ್ಟಾಪಿನಿಂದ ಎಂಟು ಹೆಜ್ಜೆ. ಗೋಡೆಗಳು ಒಂದೂವರೆ ಅಡಿ ದಪ್ಪ. ಅಡುಗೆಮನೆಗೆ ಬೆಳಿಗ್ಗೆ ಬರುವ ಬಿಸಿಲನ್ನು ಹೊಸ ಮನೆಗಳವರು ದುಡ್ಡು ಕೊಟ್ಟರೂ ತರಿಸಿಕೊಳ್ಳಲಾರರು. ಮೆಟ್ಟಿಲಿನ ಕೈಹಿಡಿ ಎಂಥ ಮರದ್ದು ಎಂದು ನಿನಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಆದರೆ ಒಳ್ಳೆಯ ಮರ. ಮಾತಾಡುವಾಗ ಕೋಣೆಯಲ್ಲಿ ಧ್ವನಿ ಎಷ್ಟು ತುಂಬಿಕೊಂಡು ಬರುತ್ತದೆ ನೋಡು. ನಿನ್ನ ಧ್ವನಿಯನ್ನು ಬಿಟ್ಟೇ ಹೇಳುತ್ತಿದ್ದೇನೆ.

ಮನಸ್ಸಾಕ್ಷಿಗೆ ಒಪ್ಪುವ ಬೆಲೆ ಹೇಳು. ನಿನ್ನ ಮನಸ್ಸಾಕ್ಷಿ ದೊಡ್ಡದು ಎಂದು ನನಗೆ ಗೊತ್ತು.

ನಿನ್ನ
ತಮ್ಮ


ಮಾರ್ಚ್ ೨

ತಮ್ಮನಿಗೆ ಆಶೀರ್ವಾದ.

ನೀನು ವರ್ಣಿಸಿದ ಮನೆ ಎಲ್ಲಿದೆ ಹೇಳು, ನಾನೂ ಒಮ್ಮೆ ನೋಡಿಕೊಂಡು ಬರುತ್ತೇನೆ.

ನಾನಿರುವ ಮನೆ ಹೀಗಿದೆ. ಸ್ನಾನದ ಮನೆಯ ಬಾಗಿಲನ್ನು ಎರಡೂ ಕೈಯಲ್ಲಿ ಎತ್ತಿ, ಮೊಣಕಾಲಿನಿಂದ ಒತ್ತಿದರೆ ಮಾತ್ರ ಮುಚ್ಚುತ್ತದೆ. ತೆಗೆಯಲು ಹೊರಗಿನಿಂದ ಇನ್ನೊಬ್ಬರು ಬೇಕು. ನಾನು ಒಬ್ಬಳೇ ಇರುವುದರಿಂದ ಮುಚ್ಚುವುದನ್ನೇ ಬಿಟ್ಟಿದ್ದೇನೆ. ನಲ್ಲಿ ಹಗಲೂ ರಾತ್ರಿ ತೊಟ್ಟಿಕ್ಕುತ್ತದೆ. ಮಾಡು ಮೂರು ಕಡೆ ಸೋರುತ್ತದೆ. ಮೂರಕ್ಕೂ ಬೇರೆ ಬೇರೆ ಪಾತ್ರೆ ಗೊತ್ತು ಮಾಡಿದ್ದೇನೆ, ಅದಲು ಬದಲಾದರೆ ನೆಲವೆಲ್ಲ ನೀರು. ನಡುಮನೆಯ ಬಿರುಕನ್ನು ಪ್ರತಿ ತಿಂಗಳು ಟೇಪು ಹಿಡಿದು ಅಳೆಯುತ್ತೇನೆ. ಅಪ್ಪ ಹೋದ ಮೇಲೆ ಒಂದು ಅಂಗಿಯ ತೋಳಿನಷ್ಟು ಉದ್ದವಾಗಿದೆ. ಬಸ್ ಸ್ಟಾಪು ಎಂಟು ಹೆಜ್ಜೆ, ಅದು ನಿಜ. ಅದಕ್ಕೇ ಬಸ್ಸಿಗೆ ಕಾಯುವವರೆಲ್ಲ ನಮ್ಮ ಕಿಟಕಿಯ ಕಟ್ಟೆಯ ಮೇಲೇ ಕೂತಿರುತ್ತಾರೆ. ನಿನ್ನೆ ಒಬ್ಬರು ಒಳಗೆ ಕೈ ಚಾಚಿ ನನ್ನ ಕತ್ತರಿ ಕೇಳಿ ತೆಗೆದುಕೊಂಡು ಉಗುರು ಕತ್ತರಿಸಿಕೊಂಡರು.

ಇಂಥ ಮನೆಗೆ ಯಾರಾದರೂ ಬೆಲೆ ಕೊಡುತ್ತಾರೆ ಎಂದರೆ ಅದು ಅವರ ದೊಡ್ಡತನ. ಬ್ಯಾಂಕಿನಲ್ಲಿ ನಾನು ಕೂಡಿಟ್ಟಿರುವುದು ಎಷ್ಟೋ, ಅರ್ಧ ಮನೆಯ ಬೆಲೆಯೂ ಸರಿಯಾಗಿ ಅಷ್ಟೇ ಎಂದು ನನಗೆ ಅನ್ನಿಸತೊಡಗಿದೆ.

ಇಂತಿ,
ಅಕ್ಕ


ಮಾರ್ಚ್ ೧೦

ಅಕ್ಕನಿಗೆ ನಮಸ್ಕಾರ.

ನನ್ನ ಕಿವಿಯ ಮೇಲೆ ಹೂ ಇಡಬೇಡ. ಬಾಗಿಲು, ನಲ್ಲಿ, ಮಾಡು ಇವೆಲ್ಲ ರಿಪೇರಿಯಾಗುವಂಥವು. ನನ್ನ ಖರ್ಚಿನಲ್ಲೇ ಪ್ಲಂಬರನ್ನೂ ಬಡಗಿಯನ್ನೂ ಕಳಿಸುತ್ತಿದ್ದೇನೆ. ಬೇಡ ಅನ್ನಬೇಡ, ಇದು ತಮ್ಮನ ಕರ್ತವ್ಯ. ಇಪ್ಪತ್ತೆರಡನೇ ತಾರೀಖು ಮನೆಗಳಿಗೆ ಬೆಲೆ ಕಟ್ಟುವವರು ಬರುತ್ತಾರೆ. ಬ್ಯಾಂಕಿನವರೆಲ್ಲ ಅವರ ಮಾತನ್ನೇ ನಂಬುವುದು. ಅವರ ಜೊತೆ ಮರ್ಯಾದೆಯಿಂದ ನಡೆದುಕೋ.

ನಿನ್ನ
ತಮ್ಮ


ಮಾರ್ಚ್ ೨೬

ತಮ್ಮನಿಗೆ ಆಶೀರ್ವಾದ.

ಬೆಲೆ ಕಟ್ಟುವವರು ಬಂದು ಹೋದರು. ಮರ್ಯಾದೆಯಿಂದ ನಡೆದುಕೊಂಡೆ, ಅದೇ ನಾನು ಮಾಡಿದ ತಪ್ಪು.

ಮೊದಲು ನಿನ್ನ ಪ್ಲಂಬರಿನ ವಿಷಯ. ಬೆಳಿಗ್ಗೆ ಬಂದು ನಲ್ಲಿಗೆ ಹೊಸ ವಾಷರ್ ಹಾಕಿದ. ಮಧ್ಯಾಹ್ನ ನಾನು ಅದನ್ನು ತೆಗೆದು ಡಬ್ಬಿಗೆ ಹಾಕಿದೆ. ಮರುದಿನ ಬಂದು ನಲ್ಲಿ ತೊಟ್ಟಿಕ್ಕುವುದನ್ನು ಕಂಡು, ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಹೀಗಾಗಿಲ್ಲ ಎಂದು ತಲೆಯ ಮೇಲೆ ಕೈ ಹೊತ್ತು ಕೂತ. ನಾಲ್ಕನೇ ವಾಷರಿಗೆ ಅವನ ಕಣ್ಣಲ್ಲಿ ನೀರು ನೋಡಲಾಗದೆ ಬಿಟ್ಟುಬಿಟ್ಟೆ. ಬಡಗಿ ಜಾಣ. ಬಾಗಿಲು ಸರಿ ಮಾಡಿ, ಅದರ ಹತ್ತಿರ ಹೋಗಬೇಡಿ ಎಂದು ನನಗೇ ಹೇಳಿ ಹೋದ.

ಇಪ್ಪತ್ತೆರಡರಂದು ಪರದೆಗಳನ್ನೆಲ್ಲ ಬಿಚ್ಚಿದೆ, ದೊಡ್ಡ ಬಲ್ಬು ತೆಗೆದು ಮಂಕು ಬಲ್ಬು ಹಾಕಿದೆ, ಮೂರು ಪಾತ್ರೆಗಳನ್ನೂ ನೆಲದ ಮೇಲಿಟ್ಟೆ. ಆ ಮಹಾನುಭಾವರು ಬಿರುಕು ನೋಡಿ ಹ್ಞೂಂ ಅಂದರು, ಮಾಡು ನೋಡಿ ಹ್ಞೂಂ ಹ್ಞೂಂ ಅಂದರು. ನನಗೆ ಹಾಲು ಕುಡಿದಷ್ಟು ಸಂತೋಷ. ಅಟ್ಟದಿಂದ ಇಳಿಯುವಾಗ ಏಣಿಗೆ ಸಿಕ್ಕಿ ಅವರ ಪ್ಯಾಂಟು ಹಿಂದೆ ಚರ್ರೆಂದು ಹರಿಯಿತು. ಹರಿದದ್ದನ್ನು ಕಂಡು ಸುಮ್ಮನಿರುವ ಜಾತಿ ನಾನಲ್ಲ. ಅವರ ಸೊಂಟಕ್ಕೆ ಒಂದು ಬೆಡ್‌ಶೀಟು ಸುತ್ತಿಸಿ, ಸ್ಟೂಲಿನ ಮೇಲೆ ಕೂರಿಸಿ, ಮಷೀನು ಹಾಕಿದೆ. ಹತ್ತೇ ನಿಮಿಷ. ಆ ಹತ್ತು ನಿಮಿಷದಲ್ಲಿ ಒಂಬತ್ತು ಗಿರಾಕಿಗಳು ಬಂದರು. ಶಾಲೆಯ ಯೂನಿಫಾರ್ಮಿನವರು, ಬ್ಲೌಸಿನವರು, ಜಿಪ್ಪು ಕಿತ್ತವರು. ಬೆಡ್‌ಶೀಟಿನಲ್ಲಿದ್ದ ಮನುಷ್ಯ ಒಬ್ಬೊಬ್ಬರನ್ನೂ ಎಣಿಸಿ ಬರೆದುಕೊಂಡರು.

ಹೋಗುವಾಗ ಏನು ಬರೆದರು ಗೊತ್ತೇ? ಮುಂದಿನ ಕೋಣೆ ಚೆನ್ನಾಗಿ ವ್ಯಾಪಾರ ನಡೆಯುವ ಜಾಗ, ಆದ್ದರಿಂದ ಬೆಲೆ ಅಕ್ಕಪಕ್ಕದ ಮನೆಗಳ ಒಂದೂವರೆ ಪಟ್ಟು ಎಂದು. ಮೂವತ್ತೊಂದು ವರ್ಷ ಬೆನ್ನು ಬಗ್ಗಿಸಿ ಹೊಲಿದು ಗಿರಾಕಿಗಳನ್ನು ತಂದವಳು ನಾನು. ಅದಕ್ಕೇ ಈಗ ಈ ಮನೆ ನನ್ನ ಕೈಗೆ ಎಟುಕದಂತಾಗಿದೆ. ನನಗೆ ನಗು ಬರಬೇಕು, ಆದರೆ ಬಂದದ್ದು ಅಳು.

ಇಂತಿ,
ಅಕ್ಕ


ಏಪ್ರಿಲ್ ೪

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ಓದಿ ನನ್ನವಳು ನಕ್ಕಿದ್ದಕ್ಕೆ ಪಕ್ಕದ ಮನೆಯವರು ಕದ ತಟ್ಟಿದರು. ನೀನು ಅಳಬೇಡ. ನಿನ್ನ ಕೈಗುಣ ಎಂಥದ್ದು ಎಂದು ಕಾಗದದ ಮೇಲೆ ಬಂತಲ್ಲ, ಹೆಮ್ಮೆಪಡು.

ನಿಮ್ಮ ಬೀದಿಯ ಮೂಲೆಯಲ್ಲಿ ಜಾಗ ಕೊಂಡಿರುವ ಬಿಲ್ಡರ್ ಒಬ್ಬ ಕೂಡ ನನಗೆ ಫೋನ್ ಮಾಡಿದ್ದ. ಆ ಸಾಲಿನಲ್ಲಿ ನಾಲ್ಕಂತಸ್ತು ಎಬ್ಬಿಸುತ್ತಾನಂತೆ. ಬೆಲೆ ಕಟ್ಟುವವರು ಹೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಕೊಡುತ್ತೇನೆ ಎನ್ನುತ್ತಾನೆ. ಹೀಗಾಗಿ ನೀನು ಬ್ಯಾಂಕಿನ ಪುಸ್ತಕ ನೋಡಿಕೊಂಡು ಬೆಲೆ ಹೇಳಿದರೆ ನಾನು ಕೊಂಡು ಅವನಿಗೆ ಕೊಡಬೇಕಾಗುತ್ತದೆ. ನನ್ನ ಮೇಲೆ ಸಿಟ್ಟಾಗಬೇಡ, ನಿಯಮ ಮಾಡಿದ್ದು ಅಪ್ಪ.

ನಿನ್ನ
ತಮ್ಮ


ಏಪ್ರಿಲ್ ೧೧

ತಮ್ಮನಿಗೆ,

ಅಂಗಡಿ ಮುಚ್ಚಿದ್ದೇನೆ. ವ್ಯಾಪಾರವಿಲ್ಲದ ಜಾಗ ಮಾಡಿ ಬೆಲೆ ಇಳಿಸುತ್ತೇನೆ, ನೋಡುತ್ತಿರು.

ಅಕ್ಕ


ಏಪ್ರಿಲ್ ೨೫

ತಮ್ಮನಿಗೆ,

ಅಂಗಡಿ ತೆರೆದಿದ್ದೇನೆ. ಬಾಗಿಲು ಹಾಕಿದರೆ ಕಿಟಕಿಯಿಂದ ಬಟ್ಟೆ ಎಸೆಯುತ್ತಾರೆ. ಎರಡು ವಾರ ನನ್ನ ಮನೆಯಲ್ಲೇ ನಾನು ಕಳ್ಳಿಯ ಹಾಗೆ ದೀಪ ಸಣ್ಣಗೆ ಮಾಡಿ ಹೊಲಿದೆ. ಇದು ನನ್ನಿಂದಾಗದು.

ಅಕ್ಕ


ಮೇ ೨೪

ಅಕ್ಕನಿಗೆ ನಮಸ್ಕಾರ.

ಇಷ್ಟು ದಿನ ಬರೆಯಲಾಗಲಿಲ್ಲ, ಕೆಲಸ ಜಾಸ್ತಿ. ಕೂತು ಸಮಾಧಾನದಿಂದ ಯೋಚಿಸಿದೆ. ನೀನು ಹೇಳಿದ್ದರಲ್ಲಿ ಸತ್ಯವಿದೆ ಅಕ್ಕ. ಆ ಮನೆ ಹಳೆಯದಾಯಿತು. ಬಿರುಕಿನ ವಿಷಯ ನೆನೆದರೆ ನನಗೆ ನಿದ್ದೆ ಬರುವುದಿಲ್ಲ, ಒಂದು ದಿನ ಗೋಡೆಗೆ ಗೋಡೆಯೇ ಕೂತುಬಿಟ್ಟರೆ? ಬಸ್ಸಿನ ಹೊಗೆ ಬೇರೆ. ಅಡುಗೆಮನೆಯ ಬಿಸಿಲಿಗೆ ಹಾಲು ಒಡೆಯುತ್ತದೆ. ಮೆಟ್ಟಿಲಿನ ಕೈಹಿಡಿ ಒಳ್ಳೆಯ ಮರವೇನಲ್ಲ, ವಿಚಾರಿಸಿದೆ. ಬಿಲ್ಡರ್ ಕೂಡ ಬಾಯಿಮಾತಿನವನು, ಅವನನ್ನು ನಂಬಿ ಕೂರುವುದು ಬೇಡ.

ನೀನು ಮೊದಲು ಅಂದುಕೊಂಡಿದ್ದ ಬೆಲೆ ನ್ಯಾಯವಾಗಿಯೇ ಇತ್ತು ಅನ್ನಿಸುತ್ತದೆ. ಇನ್ನೂ ಸ್ವಲ್ಪ ಇಳಿಸಿದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಬೇಗ ಹೇಳು.

ನಿನ್ನ
ತಮ್ಮ


ಜೂನ್ ೧

ತಮ್ಮನಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಎರಡು ಸಲ ಓದಿ, ಅಕ್ಷರ ನಿನ್ನದೇ ಹೌದೇ ಎಂದು ಹಳೆಯ ಪತ್ರದ ಪಕ್ಕದಲ್ಲಿಟ್ಟು ನೋಡಿದೆ. ಮೂರು ತಿಂಗಳ ಹಿಂದೆ ದುಡ್ಡು ಕೊಟ್ಟರೂ ಸಿಗದಿದ್ದ ಬಿಸಿಲು ಈಗ ಹಾಲು ಒಡೆಸುತ್ತದೆಯೇ? ಬೆಲೆ ಇಳಿಯಲಿ ಎಂದು ಬಯಸುವವನು ಕೊಳ್ಳುವವನು ಮಾತ್ರ. ಬೆಣ್ಣೆ ಹಚ್ಚುವುದನ್ನು ನನ್ನ ಹತ್ತಿರವೇ ಕಲಿತವನು ನೀನು.

ಹಾಗಾದರೆ ಕೇಳು. ಈ ಮನೆ ಚಿನ್ನದಂಥದ್ದು. ಗೋಡೆಗಳು ಒಂದೂವರೆ ಅಡಿ ದಪ್ಪ. ಬಿರುಕು ಇದೆಯಲ್ಲ, ಅದು ಸುಣ್ಣದ್ದು, ಗೋಡೆಯದ್ದಲ್ಲ, ಉಗುರಿನಿಂದ ಕೆರೆದರೆ ಹೋಗುತ್ತದೆ. ಮಾಡು ಸೋರುವುದು ಬಹಳ ಜೋರು ಮಳೆಗೆ ಮಾತ್ರ, ಆಗ ಮನೆ ತಂಪಾಗಿರುತ್ತದೆ. ಬಸ್ಸಿಗೆ ಕಾಯುವವರು ಎಷ್ಟು ಒಳ್ಳೆಯ ಜನ ಎಂದರೆ ಒಬ್ಬರು ನನ್ನ ಕತ್ತರಿಯನ್ನು ಸಾಣೆ ಹಿಡಿಸಿಕೊಂಡು ಬಂದು ಕೊಟ್ಟರು. ಇಂಥ ಮನೆಯ ಬೆಲೆಯನ್ನು ಹೇಳಲು ನನಗೆ ನಾಲಿಗೆಯೇ ಏಳುತ್ತಿಲ್ಲ. ಅಷ್ಟು ಹೆಚ್ಚು.

ನಿನಗೆ ಏನಾಗಿದೆ?

ಇಂತಿ,
ಅಕ್ಕ


ಜೂನ್ ೯

ಅಕ್ಕನಿಗೆ ನಮಸ್ಕಾರ.

ಏನೂ ಆಗಿಲ್ಲ. ನನಗೇನಾಗುತ್ತದೆ? ನಿನಗೆ ಯಾವಾಗಲೂ ಸಂಶಯ.

ನಿನ್ನ
ತಮ್ಮ


ಜೂನ್ ೨೧

ತಮ್ಮನಿಗೆ ಆಶೀರ್ವಾದ.

ಹೋದ ವಾರ ನಿನ್ನ ಹೆಂಡತಿ ನನಗೆ ಒಂದು ಪಾರ್ಸಲ್ ಕಳಿಸಿದಳು. ನೀಲಿ ಬಟ್ಟೆ, ಜೊತೆಗೆ ಚೀಟಿ. ಹೊಸ ಮನೆಗೆ ಪರದೆ ಬೇಕು ಅತ್ತಿಗೆ, ನಿಮಗೆ ಹೇಳಬೇಡ ಅಂದಿದ್ದಾರೆ, ಆದರೆ ನಿಮ್ಮಷ್ಟು ಚೆನ್ನಾಗಿ ಯಾರೂ ಹೊಲಿಯುವುದಿಲ್ಲ ಎಂದು ಬರೆದಿದ್ದಳು. ಕೆಳಗೆ ಐದು ಕಿಟಕಿಗಳ ಅಳತೆ, ಬೆಲೆ ಕಟ್ಟುವವರ ಕಾಗದದಿಂದ ಇಳಿಸಿಕೊಂಡದ್ದಿರಬೇಕು. ಜನರ ಮುಖ ಮರೆತರೂ ಅಳತೆ ಮರೆಯುವವಳಲ್ಲ ನಾನು. ಐದೂ ನನ್ನ ಕಿಟಕಿಗಳು. ಅಡುಗೆಮನೆಯದ್ದು ಎಡಗಡೆ ಅರ್ಧ ಇಂಚು ಕಮ್ಮಿ, ಅದೂ ಸರಿಯಾಗಿತ್ತು.

ಅವಳಿಗೆ ಫೋನ್ ಮಾಡಿ ಕೇಳಿದೆ. ಪಾಪ, ಬಾಯಿಗೆ ಬೀಗ ಹಾಕಿಕೊಂಡು ಸಾಕಾಗಿತ್ತು ಅವಳಿಗೆ, ಎಲ್ಲ ಹೇಳಿದಳು. ಬಾಡಿಗೆ ಮನೆಯ ಓನರ್ ಜುಲೈ ಕೊನೆಗೆ ಬಿಡಿ ಎಂದಿದ್ದಾನೆ. ನೀನು ಹದಿನೇಳು ಮನೆ ನೋಡಿದ್ದೀ. ಬಾಡಿಗೆ ಕೇಳಿ ಕೇಳಿ ವಾಪಸು ಬಂದಿದ್ದೀ. ಕಾರಿನ ಆಸೆ ಬಿಟ್ಟು ಅರ್ಧ ಮನೆ ಕೊಳ್ಳಲು ಸಾಲಕ್ಕೆ ಓಡಾಡುತ್ತಿದ್ದೀ. ಇದನ್ನು ನನಗೆ ಹೇಳುವುದಕ್ಕಿಂತ ಬಿಸಿಲಿಗೆ ಹಾಲು ಒಡೆಯುತ್ತದೆ ಎಂದು ಬರೆಯುವುದು ನಿನಗೆ ಸುಲಭವಾಯಿತು. ಬಹಳ ಬೇಜಾರಾಯಿತು ಕಣೋ. ನಿನ್ನ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಮೂರು ದಿನ ಯೋಚಿಸಿದೆ. ಕಡಿಮೆ ಹೇಳಿದರೆ ನೀನು ಕೊಳ್ಳುತ್ತೀ, ನಾನು ಮಷೀನು ಹೊತ್ತುಕೊಂಡು ಬೀದಿಗೆ. ಹೆಚ್ಚು ಹೇಳಿದರೆ ನಿನಗೆ ಕೊಳ್ಳಲಾಗದು, ನನಗೂ ಆಗದು, ಇಬ್ಬರೂ ಬೀದಿಗೆ. ಕೊನೆಗೆ ಬೆಲೆ ಸಿಕ್ಕಿತು. ಅಪ್ಪನ ಉಯಿಲಿನಂತೆ ಹೇಳುತ್ತಿದ್ದೇನೆ, ಸಾಕ್ಷಿಗೆ ವಕೀಲರಿಗೂ ಒಂದು ಪ್ರತಿ ಕಳಿಸಿದ್ದೇನೆ.

ಈ ಮನೆಯ ಅರ್ಧಕ್ಕೆ ಬೆಲೆ, ಇನ್ನರ್ಧ.

ನನ್ನ ಅರ್ಧ ಕೊಳ್ಳುವುದಾದರೆ ನಿನ್ನ ಅರ್ಧ ಕೊಡು. ನಿನ್ನ ಅರ್ಧ ಮಾರುವುದಾದರೆ ನನ್ನ ಅರ್ಧ ತೆಗೆದುಕೋ. ಆರಿಸಿ ಬರೆ.

ಇಂತಿ,
ಅಕ್ಕ


ಜೂನ್ ೨೯

ಅಕ್ಕನಿಗೆ ನಮಸ್ಕಾರ.

ವಕೀಲರು ಫೋನಿನಲ್ಲೇ ಉಯಿಲನ್ನು ಮತ್ತೆ ಮೊದಲಿನಿಂದ ಓದಿದರು. ಆಮೇಲೆ, ಬೆಲೆ ಹಣದಲ್ಲೇ ಇರಬೇಕು ಎಂದು ನಿಮ್ಮ ತಂದೆ ಎಲ್ಲೂ ಬರೆದಿಲ್ಲ, ನಾನೂ ಮೂರು ಸಲ ನೋಡಿದೆ ಎಂದರು. ನನ್ನವಳಿಗೆ ಅರ್ಥ ಮಾಡಿಸಲು ಒಂದು ಬ್ರೆಡ್ಡು ಕತ್ತರಿಸಬೇಕಾಯಿತು.

ಕೊಳ್ಳುತ್ತೇನೆ. ಮಾರುತ್ತೇನೆ ಅಂದರೂ ಅದೇ, ಆದರೆ ಜೀವನದಲ್ಲಿ ಒಮ್ಮೆಯಾದರೂ ಮನೆ ಕೊಂಡೆ ಎಂದು ಹೇಳಿಕೊಳ್ಳುವ ಆಸೆ.

ಈಗ ಒಂದು ಪ್ರಶ್ನೆ. ಯಾವ ಅರ್ಧ ಯಾರದು? ಮುಂದಿನ ಕೋಣೆ ರಸ್ತೆಗಿದೆ, ನನ್ನ ಡ್ರೈವಿಂಗ್ ಸ್ಕೂಲಿನ ಬೋರ್ಡು ಹಾಕಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನೀನೇ ಗೀಟು ಎಳೆ. ನಾನು ಆರಿಸುತ್ತೇನೆ.

ನಿನ್ನ
ತಮ್ಮ


ಜುಲೈ ೬

ತಮ್ಮನಿಗೆ ಆಶೀರ್ವಾದ.

ಗೀಟು ಎಳೆದಿದ್ದೇನೆ, ಬಟ್ಟೆಗೆ ಗುರುತು ಮಾಡುವ ಸೀಮೆಸುಣ್ಣದಲ್ಲಿ. ನಡು ಬಗ್ಗಿಸಿ ಎಳೆದು ಏಳುವಷ್ಟರಲ್ಲಿ ಸಾಕುಸಾಕಾಯಿತು.

ಒಂದು ಕಡೆ ಮುಂದಿನ ಕೋಣೆ. ಇನ್ನೊಂದು ಕಡೆ ನಡುಮನೆ, ಅಡುಗೆಮನೆ, ಸ್ನಾನದ ಮನೆ, ಹಿಂದಿನ ಎರಡು ಕೋಣೆ, ಮಹಡಿ, ಅಟ್ಟ.

ಇದೇನು ಅರ್ಧರ್ಧವೇ ಎಂದು ನೀನು ಕೇಳುತ್ತೀ. ನನ್ನ ಲೆಕ್ಕಕ್ಕೆ ಹೌದು. ಆ ಒಂದು ಕೋಣೆ ನನಗೆ ಮಿಕ್ಕ ಮನೆಯಷ್ಟೂ ಆಗುತ್ತದೆ. ಮಷೀನಿನ ಪಕ್ಕ ಒಂದು ಮಂಚ ಹಿಡಿಯುತ್ತದೆ, ಅಳೆದಿದ್ದೇನೆ. ಆದರೆ ಆರಿಸುವವನು ನೀನು. ನಿನಗೆ ಮುಂದಿನ ಕೋಣೆಯೇ ಬೇಕೆಂದರೆ ನಾನು ಮಾತಾಡುವ ಹಾಗಿಲ್ಲ. ಬೇಗ ಬರೆ. ನಾಲ್ಕು ದಿನದಿಂದ ನನಗೆ ಗುಂಡಿ ತೂರಿಸುವ ಕಾಜಾ ಕೂಡ ನೇರವಾಗಿ ಬರುತ್ತಿಲ್ಲ.

ಇಂತಿ,
ಅಕ್ಕ


ಜುಲೈ ೧೩

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರವನ್ನು ನನ್ನವಳಿಗೆ ಓದಿ ಹೇಳಿದೆ. ಅವಳು ಪಾತ್ರೆ ಕಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನಿಮ್ಮಕ್ಕ ಮನೆ ಪೂರ್ತಿ ಕೊಟ್ಟು ಒಂದು ರೂಮು ಇಟ್ಕೊಂಡಿದಾರೆ. ಇದ್ರಲ್ಲಿ ಆರಿಸೋಕೆ ಏನಿದೆ?" ಅಂದಳು. ಆದರೂ ನನಗೆ ಮೂರು ದಿನ ಬೇಕಾಯಿತು, ಆರಿಸಲಿಕ್ಕಲ್ಲ, ಬರೆಯಲಿಕ್ಕೆ. ಆ ಕೋಣೆ ಬೇಕೆಂದು ನೀನು ಮೊದಲ ಪತ್ರದಲ್ಲೇ ಬರೆದಿದ್ದೆ. ನಾನು ಅದನ್ನು ಚೌಕಾಸಿ ಅಂದುಕೊಂಡೆ. ಬೋರ್ಡಿನ ಮಾತೂ ತಮಾಷೆಗೆ ಬರೆದದ್ದು. ಅದನ್ನು ಓದಿ ನಿನ್ನ ಕಾಜಾ ಸೊಟ್ಟಗಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ದೊಡ್ಡ ಪಾಲು ನನಗೆ. ನಾಚಿಕೆಯೂ ನನಗೇ.

ಆದರೆ ಅಕ್ಕ, ನಿನ್ನೆ ಲಾರಿಯವನು ಸಾಮಾನು ಒಳಗೆ ಹೋಗುವ ದಾರಿ ಕೇಳಿದಾಗ ಕಾಗದದ ಮೇಲೆ ಮನೆಯ ಚಿತ್ರ ಬರೆದೆ. ಬರೆದವನು ಹಾಗೇ ಕೂತುಬಿಟ್ಟೆ. ಆ ಮನೆಗೆ ಎರಡು ಪಕ್ಕ ಬೇರೆಯವರ ಗೋಡೆ, ಹಿಂದೆ ಶಾಲೆಯ ಕಾಂಪೌಂಡು. ಇರುವುದು ಒಂದೇ ಬಾಗಿಲು, ಅದು ನಿನ್ನ ಕೋಣೆಯಲ್ಲಿ. ನನ್ನ ಪಾಲಿನ ಅಷ್ಟೂ ಕೋಣೆಗಳಿಗೆ ನಿನ್ನ ಮಷೀನು ದಾಟದೆ ದಾರಿಯೇ ಇಲ್ಲ. ಇನ್ನು ನಾನು ಬದುಕಿರುವಷ್ಟು ಕಾಲ ದಿನಕ್ಕೆ ಹತ್ತು ಸಲ ನಿನ್ನ ಎದುರಿಗೇ ಹಾದು ಹೋಗಬೇಕು. ಎಲ್ಲಿಗೆ ಹೊರಟೆ, ಎಷ್ಟು ಹೊತ್ತಿಗೆ ಬರುತ್ತೀ, ಊಟ ಆಯಿತೇ, ಅಂಗಿಯ ಗುಂಡಿ ಎಲ್ಲಿ ಎಂದು ನೀನು ಕೇಳುತ್ತೀ, ನಾನು ಉತ್ತರ ಕೊಡಬೇಕು.

ಗೀಟು ಎಳೆಯುವಾಗ ಇದನ್ನು ನೋಡಲಿಲ್ಲವೇ ನೀನು?

ಭಾನುವಾರ ಬರುತ್ತೇವೆ.

ನಿನ್ನ
ತಮ್ಮ


ಜುಲೈ ೧೭

ತಮ್ಮನಿಗೆ,

ನೋಡಿಯೇ ಎಳೆದೆ.

ಅಕ್ಕ